ಗುಳಿಗೆಯ ಫೋಟೋ

ನಮ್ಮ ಮನೆಯಲ್ಲಿ ಯಾವ ಗುಳಿಗೆಯೂ ನೇರವಾಗಿ ಹೊಟ್ಟೆಗೆ ಇಳಿಯುವುದಿಲ್ಲ. ನೆಗಡಿಯದೇ ಇರಲಿ, ನನ್ನವರು ಮೊದಲು ಅದರ ಫೋಟೋ ತೆಗೆದು ಕಮಲಾಪುರದ ತಮ್ಮ ಬಳಗದ, ನನ್ನನ್ನೂ ಸೇರಿಸಿಕೊಂಡಿರುವ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಹಿಂದೆ ಔಷಧದ ಅಂಗಡಿ ಇಟ್ಟಿದ್ದ ದೊಡ್ಡ ಕಾಕಾ "ತಗೋ" ಅನ್ನಬೇಕು, ಅತ್ತೆಯವರು "ಬ್ಯಾಡಪ್ಪ, ಉಷ್ಣ ಆಗ್ತದ" ಅನ್ನಬೇಕು. ಆಮೇಲೇ ನೀರು. ಇಂಥ ಗಂಡನಿಗೆ ನಾಲ್ಕು ಜನರೆದುರು ಹೇಳಲಾಗದ ಕಾಯಿಲೆಯ ಗುಳಿಗೆ ನುಂಗಿಸುವ ಪಾಳಿ ನನಗೆ ಬಂತು ನೋಡಿ!

ಬಿಳಿ ಹೋಗುವುದು ಜಾಸ್ತಿಯಾಗಿ, ತುರಿಕೆಯೂ ಸೇರಿಕೊಂಡು, ಕಲಬುರಗಿಯ ಕೋಟೆ ಹತ್ತಿರದ ಡಾಕ್ಟರಮ್ಮನ ಬಳಿ ಹೋಗಿದ್ದೆ. ಪರೀಕ್ಷೆ ಮಾಡಿಸಿ ಹೇಳಿದರು: "ಟ್ರೈಕೊಮೊನಾಸ್ ಅಂತ, ಕಣ್ಣಿಗೆ ಕಾಣದ ಪರಾವಲಂಬಿ ಜೀವಿ. ಗಂಡ ಹೆಂಡ್ತಿ ಕೂಡೋದ್ರಿಂದ ದಾಟ್ತದ. ಭಾಳ ಮಂದಿಗಿ ಇರ್ತದ, ಗಂಡಸ್ರಿಗಂತೂ ಗೊತ್ತೇ ಆಗಂಗಿಲ್ಲ. ಯಾವಾಗ, ಯಾರಿಂದ ಬಂತಂತ ಹೇಳ್ಲಿಕ್ಕಿ ಬರಂಗಿಲ್ಲ. ಇಬ್ಬರೂ ಗುಳಿಗಿ ತಗೋರಿ. ಇಲ್ಲಂದ್ರ ಮತ್ತ ಬರ್ತದ. ವಾಸಿಯಾಗೋ ತನಕ ದೂರ ಇರ್ರಿ."

ಅದೇ ಊರಿನ ಗಾಜಿಪುರ ಓಣಿಯ ನಮ್ಮ ಮನೆ ಮುಟ್ಟುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಅವರು ನನ್ನ ಮೇಲೆ ಸಂಶಯಪಟ್ಟರೆ? ನಾನು ಅವರ ಮೇಲೆ ಪಟ್ಟರೆ? ಕೆಂಪು ಬಾಳೆಹಣ್ಣಿನ ವ್ಯಾಪಾರಕ್ಕೆಂದು ಊರೂರು ತಿರುಗುವ ಮನುಷ್ಯ! ಹಾಗೆ ಯೋಚಿಸಿದ್ದಕ್ಕೆ ನನಗೇ ನಾಚಿಕೆಯಾಯಿತು, ಆದರೂ ಯೋಚಿಸುವುದು ನಿಲ್ಲಲಿಲ್ಲ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಗುಳಿಗೆ ಕೊಟ್ಟೆ.

"ನನಗೇನಾಗ್ಯಾದ? ಗಟ್ಟಿಮುಟ್ಟ ಅದೀನಿ" ಎನ್ನುತ್ತಲೇ ಅವರು ಜೇಬಿನಿಂದ ಫೋನ್ ತೆಗೆದು, ಫೋಟೋ ಹೊಡೆದೇಬಿಟ್ಟರು.

"ರೀ! ನಿಮ್ಮ ಕಾಲಿಗಿ ಬೀಳ್ತೀನಿ, ಗ್ರೂಪಿಗಿ ಹಾಕಬ್ಯಾಡ್ರಿ!"

"ಹುಚ್ಚಿ, ಚಾಳೀಸ ಇಲ್ಲದೆ ಅಕ್ಷರ ಕಾಣವಲ್ಲವು. ದೊಡ್ಡದು ಮಾಡಿ ಓದ್ಲಾಕತ್ತೀನಿ." ಓದಿ ಮುಗಿಸಿ ಫೋನ್ ಜೇಬಿಗಿಟ್ಟು, "ಸಂಶಯ ಮಾಡ್ಕೋತ ಕುಂತ್ರ ರೋಗ ಹೋಗ್ತದೇನು? ನೀರು ಕೊಡು" ಎಂದರು. ಯಾರನ್ನೂ ಕೇಳದೆ ನುಂಗಿದರು. ನನಗೆ ಅಳುವೇ ಬಂತು.

ಆದರೂ ಹೆದರಿಕೆ ಹೋಗಬೇಕಲ್ಲ! ಫೋಟೋ ಎಲ್ಲಿ ಬಂದುಬಿಟ್ಟೀತೋ ಎಂದು ಒಗ್ಗರಣೆಯ ನಡುವೆಯೂ ಆ ಗ್ರೂಪನ್ನು ತೆರೆದು ನೋಡುವುದೇ ನನ್ನ ಕೆಲಸವಾಯಿತು. ಕೆಲವು ತಿಂಗಳ ನಂತರ ಮರುಪರೀಕ್ಷೆಯಾಗಿ, ಏನೂ ಇಲ್ಲವೆಂದು ರಿಪೋರ್ಟ್ ಬಂತು. ಖುಷಿಗೆ ಹಿಂದುಮುಂದು ನೋಡಲಿಲ್ಲ. ಅದರಲ್ಲಿ ‘ನೆಗೆಟಿವ್’ ಎಂದಿದ್ದ ಜಾಗದ್ದಷ್ಟೇ ಫೋಟೋ ತೆಗೆದು ನನ್ನವರಿಗೆ ಕಳಿಸಿದೆ. ಕಳಿಸಿದೆ ಅಂದುಕೊಂಡೆ. ಸದಾ ತೆರೆದು ನೋಡುತ್ತಿದ್ದ ಗ್ರೂಪೇ ಫೋನಿನಲ್ಲಿ ಮೇಲುಗಡೆ ಕೂತಿತ್ತು.

ದೊಡ್ಡ ಕಾಕಾನ ಉತ್ತರ ತಟ್ಟನೆ ಬಂತು: "ರಿಪೋರ್ಟ್ ಚೊಲೊ ಬಂದದವ್ವ. ಆದರ ಏನಾಗಿತ್ತು?"

ಉತ್ತರವನ್ನು ಇನ್ನೂ ಟೈಪ್ ಮಾಡುತ್ತಲೇ ಇದ್ದೇನೆ.