ಬೀರುವಿನೊಳಗೆ ಧೈರ್ಯ

ಧೈರ್ಯದಲ್ಲಿ ನನ್ನನ್ನು ಮೀರಿಸುವ ಗಂಡು ಇನ್ನೂ ಹುಟ್ಟಿಲ್ಲವೆಂದು ಆ ಸೋಮವಾರ ಬೆಳಗ್ಗೆ ಹನ್ನೊಂದೂಕಾಲರವರೆಗೂ ನಂಬಿದ್ದೆ!

ನಾನು ಫ್ರೀಲಾನ್ಸ್ ಬರಹಗಾರ. ಕೊರೊನಾ ಬಂದಿದ್ದೇ ತಡ, ಪತ್ರಿಕೆಗಳೆಲ್ಲ ಪುಟ ಕಡಿಮೆ ಮಾಡಿದವು. ಹೋದ ಪುಟಗಳೆಲ್ಲ ನಾನು ಬರೆಯುತ್ತಿದ್ದವೇ! ಉಳಿದದ್ದು ಒಂದೇ ಕೆಲಸ. ‘ಮನೆಯೊಳಗೆ ಧೈರ್ಯವಾಗಿರಿ’ ಎಂಬ ಲೇಖನ ಬರೆದು, ನಾನೇ ಓದಿ, ರೆಕಾರ್ಡ್ ಮಾಡಿ ಒಂದು ವೆಬ್ ಪತ್ರಿಕೆಗೆ ಕಳಿಸಬೇಕು. “ಹನ್ನೆರಡರೊಳಗೆ ಬರದಿದ್ರೆ ಬೇರೆಯವರಿಗೆ ಕೊಡ್ತೀನಿ ಸಾರ್” ಎಂದಿದ್ದರು ಸಂಪಾದಕಿ. ಇದೂ ಕೈತಪ್ಪಿದರೆ ನನ್ನನ್ನು ಬರಹಗಾರ ಎನ್ನುವವರೇ ಇರುವುದಿಲ್ಲವೆಂಬ ಭಯಕ್ಕೆ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ.

ಮೇಲಿನ ಮನೆಯಲ್ಲಿ ಡ್ರಿಲ್ಲಿಂಗ್, ಅಡುಗೆಮನೆಯಲ್ಲಿ ಮಿಕ್ಸಿ, ಹಾಲ್‌ನಲ್ಲಿ ನನ್ನ ಫೋನ್ ಹಿಡಿದು ಮಗಳ ಆನ್‌ಲೈನ್ ಕ್ಲಾಸು. ಬಟ್ಟೆಗಳ ನಡುವೆ ಸದ್ದು ಸುಳಿಯುವುದಿಲ್ಲವೆಂದು ಎಲ್ಲೋ ಓದಿದ್ದೆ. ಹೆಂಡತಿಯ ಫೋನ್ ಇಸಿದುಕೊಂಡು ಮಲಗುವ ಕೋಣೆಯ ದೊಡ್ಡ ಬಟ್ಟೆ ಬೀರುವಿನತ್ತ ದಂಡಯಾತ್ರೆ ಹೊರಟೆ.

“ಹನ್ನೆರಡರವರೆಗೆ ಆಕಾಶ ಕಳಚಿ ಬಿದ್ರೂ ನನ್ನ ಕರೀಬೇಡ!”

“ನೀವೇ ಕರೆದ್ರೆ?”

“ನಾನ್ಯಾಕೆ ಕರೀಲಿ? ಕರೆದ್ರೂ ಬರಬೇಡ!”

ಕಂಬಳಿಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಬಾಗಿಲೆಳೆದುಕೊಂಡು ಎಂಟು ನಿಮಿಷ ಓದಿದೆ. ಏನು ಗಾಂಭೀರ್ಯ! “ನಾಲ್ಕು ಗೋಡೆಗಳು ನಮ್ಮನ್ನೇನೂ ಮಾಡಲಾರವು” ಎಂದು ಮುಗಿಸಿ ಬಾಗಿಲು ತಳ್ಳಿದೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ! ಬೀಗ ತಾನಾಗಿಯೇ ಕಚ್ಚಿಕೊಂಡಿತ್ತು, ಒಳಗಡೆ ಹಿಡಿಯೇ ಇಲ್ಲ. ಬಟ್ಟೆಗಳೇನು ತಾವಾಗಿ ಬಾಗಿಲು ತೆಗೆದುಕೊಂಡು ಹೊರಗೆ ಬರುತ್ತವೆಯೇ, ಹಿಡಿ ಇಡಲು!

ನನ್ನದೇ ನಂಬರಿಗೆ ಫೋನ್ ಮಾಡಿದೆ. ಮಗಳು ಕಟ್ ಮಾಡಿದಳು. ಮತ್ತೆ ಮಾಡಿದೆ, ಮತ್ತೆ ಕಟ್! ಗಂಟೆ ಹನ್ನೊಂದೂವರೆ. ನುಸಿಗುಳಿಗೆಯ ಘಾಟಿಗೆ ಕೆಮ್ಮು ಶುರುವಾಯಿತು. ಉಸಿರು ಸಿಗುತ್ತಿಲ್ಲವೆನ್ನಿಸಿತು. ನಿಜ ಹೇಳುತ್ತೇನೆ, ಅತ್ತುಬಿಟ್ಟೆ.

“ಬಾರೇ, ನನ್ ತಾಯೀ! ಹೊರಗೆ ಬಂದ್ರೆ ಒಂದು ವರ್ಷ ಪಾತ್ರೆ ನಾನೇ ತೊಳೀತೀನಿ! ನಿಮ್ಮಣ್ಣನ ಬಗ್ಗೆ ಒಂದು ಮಾತೂ ಆಡಲ್ಲ! ನಂಗೆ ಹೆದರಿಕೆ ಆಗ್ತಿದೆ ಕಣೇ!”

ಹತ್ತನೆಯ ಸಲ ರಿಂಗಾದಾಗ ಮಗಳು ಅಡುಗೆಮನೆಗೆ ಓಡಿದಳಂತೆ. “ಅಮ್ಮಾ, ಕ್ಲಾಸ್ ಮಧ್ಯೆ ಯಾಕೆ ಫೋನ್ ಮಾಡ್ತಿದೀಯ? ಮಿಸ್ ಬೈತಿದಾರೆ!”

“ನನ್ನ ಫೋನು ಅಪ್ಪನ ಹತ್ರ ಇದೆಯಲ್ಲೇ!”

ಅಂತೂ ಹೆಜ್ಜೆ ಸದ್ದು ಹತ್ತಿರ ಬಂತು. “ಕರೆದ್ರೂ ಬರಬೇಡ ಅಂದಿದ್ರಲ್ಲ?”

“ಬಾಗಿಲು ತೆಗೀ ಮಾರಾಯ್ತೀ!” ಎಂದವನು ಖೊಕ್‌ಖೊಕ್ ಕೆಮ್ಮಿದೆ.

“ಅಯ್ಯೋ, ಕೆಮ್ಮು! ಇರಿ, ಮಾಸ್ಕ್ ಹಾಕ್ಕೊಂಡು ಬರ್ತೀನಿ!”

ಎರಡು ಮಾಸ್ಕ್ ಹಾಕಿಕೊಂಡು ಬಂದು ಬಾಗಿಲು ತೆಗೆದಾಗ ಹನ್ನೊಂದು ಐವತ್ತೆಂಟು! ನೆಲಕ್ಕುರುಳಿದವನೇ ರೆಕಾರ್ಡಿಂಗ್ ಕಳಿಸಿಬಿಟ್ಟೆ. ಓದಿ ಮುಗಿಸಿದ ಮೇಲೆ ಅದನ್ನು ನಿಲ್ಲಿಸಿಯೇ ಇರಲಿಲ್ಲ ಎಂದು ಹೊಳೆದದ್ದು ಆಮೇಲೆ. ಒಂದು ಗಂಟೆಗೆ ಸಂಪಾದಕಿಯ ಫೋನ್.

“ಸಾರ್, ಮೊದಲ ಎಂಟು ನಿಮಿಷ ತೆಗೆದುಹಾಕಿದೀನಿ.”

“ಲೇಖನ ಅದೇ ಅಲ್ವಾ ಮೇಡಂ?”

“ಧೈರ್ಯವಾಗಿರಿ ಅನ್ನೋರು ನೂರು ಜನ ಇದಾರೆ ಸಾರ್. ನಂಗೂ ದಿನಾ ಹೆದರಿಕೆ ಆಗುತ್ತೆ. ನೀವು ಅತ್ತಿದ್ದು ಕೇಳಿ ಸಮಾಧಾನ ಆಯ್ತು. ಅದನ್ನೇ ಹಾಕಿದೀನಿ. ಇನ್ಮೇಲೆ ವಾರವಾರ ಕಳಿಸಿ!”

ಕೆಲಸ ಉಳಿಯಿತು. ಮಾನ ಹೋಯಿತು.

ಸಂಜೆ ತುಂಬಿದ ಸಿಂಕನ್ನು ಕಂಡೂ ಕಾಣದವನಂತೆ ದಾಟಿ ಬಾಲ್ಕನಿಗೆ ಹೋದೆ. ಈವರೆಗೆ ನನ್ನ ಒಂದೇ ಒಂದು ಸಾಲನ್ನೂ ಓದದ, ಎದುರುಮನೆಯ ನಿವೃತ್ತ ಹೆಡ್‌ಮಾಸ್ತರು ಅಲ್ಲಿಂದಲೇ ಕೂಗಿದರು: “ಸಾರ್, ಮೂರು ಸಲ ಕೇಳಿದೆ! ಅದ್ಭುತ! ಒಂದು ವರ್ಷ ಅಂದ್ರಲ್ಲ, ಇವತ್ತಿಂದಾನಾ, ನಾಳೆಯಿಂದಾನಾ?”

“ಇವತ್ತಿಂದಾನೇ!” ಉತ್ತರ ನನ್ನ ಬೆನ್ನ ಹಿಂದಿನಿಂದ ಬಂತು.