ನಮ್ಮ ಮಂಗಳವಾರದ ನೀರನ್ನು ಮರುಹಂಚಿದ ಮಾನ್ಯರಿಗೆ

ಅಮ್ಮಾನ್ ನಗರದ ನಮ್ಮ ಗುಡ್ಡಕ್ಕೆ ನೀರು ಬಿಡುವ ಕಚೇರಿಯಲ್ಲಿ ಕುಳಿತು, ಓಣಿಯ ಗೋಡೆಗೆ ಅಂಟಿಸುವ ಪ್ರಕಟಣೆಗಳನ್ನು ಬರೆಯುವ ಮಾನ್ಯರೇ,

ತಮಗೂ, ತಮ್ಮ ಲೇಖನಿಗೂ, ಆ ಲೇಖನಿ ಒಂದು ದಿನವೂ ಒಣಗದಂತೆ ಶಾಯಿ ಒದಗಿಸುವ ಪುಣ್ಯಾತ್ಮರಿಗೂ ಮೇಲಿನ ಓಣಿಯ ಸಮಸ್ತರ ಪರವಾಗಿ ಸಲಾಮುಗಳು. ತಮ್ಮ ಹೆಸರು ನನಗೆ ಗೊತ್ತಿಲ್ಲ. ಪ್ರಕಟಣೆಯ ಕೆಳಗೆ ಹೆಸರು ಹಾಕದೆ ಬರೀ ಮೊಹರು ಒತ್ತುವಷ್ಟು ವಿನಯವಂತರು ತಾವು.

ಹನ್ನೊಂದು ವರ್ಷಗಳಿಂದ ನಾನು ತಮ್ಮ ಓದುಗಿ. ಮೊದಮೊದಲು ತಾವು ‘ಕಡಿತ’ ಎಂದು ಬರೆಯುತ್ತಿದ್ದಿರಿ. ಆಗ ವಾರಕ್ಕೆರಡು ದಿನ ನೀರು ಬರುತ್ತಿತ್ತು. ಆಮೇಲೆ ‘ಮಿತಬಳಕೆ ಯೋಜನೆ’ ಬಂದು ಒಂದೇ ದಿನವಾಯಿತು. ‘ಸರದಿ ಹೊಂದಾಣಿಕೆ’ ಬಂದ ವರ್ಷ ಆ ಒಂದು ದಿನವೂ ಅರ್ಧಕ್ಕಿಳಿದು ಮಂಗಳವಾರದ ಬೆಳಗಾಯಿತು. ಪದ ಉದ್ದವಾದಷ್ಟೂ ನಲ್ಲಿಯ ಧಾರೆ ಸಣ್ಣಗಾಗುವುದನ್ನು ಕಂಡಿದ್ದ ನಾವು, ಈ ಸಲ ‘ಸಂಪನ್ಮೂಲಗಳ ನ್ಯಾಯಸಮ್ಮತ ಮರುಹಂಚಿಕೆ’ ಎಂಬುದನ್ನು ಗೋಡೆಯ ಮೇಲೆ ಓದಿದ ಕೂಡಲೇ ಇದ್ದಬದ್ದ ಪಾತ್ರೆಗಳನ್ನೆಲ್ಲ ತುಂಬಿಸಿಡಲು ಮನೆಗೆ ಓಡಿದೆವು. ಅಷ್ಟರಲ್ಲಿ ನಲ್ಲಿ ನಿಂತೇ ಹೋಗಿತ್ತು.

ಆಗ ನನ್ನ ಮಗಳು ರುದೈನಾಳ ಮದುವೆಗೆ ಒಂದೇ ತಿಂಗಳು ಉಳಿದಿತ್ತು. ಗಂಡನ ಮನೆಗೆ ಹೋಗುವ ಹುಡುಗಿಯ ಜೊತೆ ತವರಿನ ಉಣ್ಣೆ ಹಾಸಿಗೆ ಹೋಗಬೇಕು, ಆ ಉಣ್ಣೆಯನ್ನು ತಾಯಿ ತೊಳೆದು, ಬಡಿದು, ಬಿಸಿಲಿಗೆ ಹರಡಿರಬೇಕು ಎಂಬುದು ತಮಗೂ ಗೊತ್ತಿರಬೇಕು. ತಾವೂ ಅಂಥದೇ ಹಾಸಿಗೆಯ ಮೇಲೆ ಮಲಗಿ ಇಂಥ ಪದಗಳ ಕನಸು ಕಾಣುತ್ತೀರಿ. ಹನ್ನೆರಡು ಕುರಿಗಳ ಉಣ್ಣೆ ನಮ್ಮ ಮಾಳಿಗೆಯ ಮೇಲೆ ನಾರುತ್ತಾ ಕುಳಿತಿತ್ತು. ಒಂದು ಮೊಹರು ಒತ್ತಿದರೆ ಶುದ್ಧವಾಗಲು ಅದೇನು ಕಡತವೇ? ಏಳು ಸಲ ನೀರು ಬದಲಿಸಬೇಕು. ಎರಡು ಮಂಗಳವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ನಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಯಿತು.

ಇನ್ನು ತಮ್ಮ ಪ್ರಕಟಣೆಯ ಎರಡನೆಯ ವಾಕ್ಯ. ಮೇಲಿನ ಓಣಿಯ ನೀರನ್ನು ‘ಹೆಚ್ಚು ಅಗತ್ಯವುಳ್ಳ ಕೆಳಗಿನ ಓಣಿಗೆ’ ಮರುಹಂಚಲಾಗಿದೆ ಎಂದು ತಾವು ಅಪ್ಪಣೆ ಕೊಡಿಸಿದ್ದಿರಿ. ಕೆಳಗಿನ ಓಣಿ ಎಂದರೆ ನಲವತ್ತೆರಡು ಮೆಟ್ಟಿಲು ಇಳಿದರೆ ಸಿಗುವ ನನ್ನ ಬೀಗಿತ್ತಿ ಉಮ್ ರಾತಿಬ್‌ಳ ಮನೆ. ನನ್ನ ಮೈಯೆಲ್ಲ ಉರಿದುಹೋಯಿತು. ರೊಟ್ಟಿಯ ಅಂಗಡಿಯ ಮುಂದೆ ಹತ್ತು ಹೆಂಗಸರು ಕೇಳುವಂತೆ, “ಹೆಣ್ಣನ್ನೂ ಕೊಡಬೇಕು, ನೀರನ್ನೂ ಕೊಡಬೇಕು ಇವರಿಗೆ! ಕಳ್ಳಿ! ನಮ್ಮ ನೀರಲ್ಲಿ ಅಂಗಳ ತೊಳೀತಾ ಕೂತಿರ್ತಾಳೆ!” ಎಂದು ಬಾಯಿಗೆ ಬಂದಂತೆ ಅಂದುಬಿಟ್ಟೆ. ಮಾತು ಮೆಟ್ಟಿಲಿಳಿಯಲು ಎಷ್ಟು ಹೊತ್ತು? ಮರುದಿನವೇ ಕೆಳಗಿನಿಂದ ಉತ್ತರ ಹತ್ತಿ ಬಂತು: “ನಮ್ಮ ನೀರನ್ನೆಲ್ಲ ಎಳ್ಕೊಂಡು ನಮ್ಮನ್ನೇ ಕಳ್ಳರು ಅಂತಾಳಾ? ಇಷ್ಟು ನೀರಿದ್ದೂ ಉಣ್ಣೆ ತೊಳೀದೆ ಇರೋಳ ಮಗಳು ನಮಗೆ ಬೇಡವೇ ಬೇಡ!” ರುದೈನಾ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು.

ಪ್ರಕಟಣೆಯನ್ನು ಗೋಡೆಯಿಂದ ಕಿತ್ತುಕೊಂಡು ನಾನು ಜಗಳಕ್ಕೆಂದೇ ಮೆಟ್ಟಿಲಿಳಿದೆ. ಉಮ್ ರಾತಿಬ್ ತನ್ನ ಓಣಿಯ ಪ್ರಕಟಣೆ ಹಿಡಿದುಕೊಂಡು ಹತ್ತಿ ಬರುತ್ತಿದ್ದಳು. ನಡುಮೆಟ್ಟಿಲಿನಲ್ಲಿ ನಿಂತು ಒಬ್ಬರದನ್ನೊಬ್ಬರು ಓದಿದೆವು. ಅವಳ ಕಾಗದದಲ್ಲಿ, ಕೆಳಗಿನ ಓಣಿಯ ನೀರನ್ನು ‘ಹೆಚ್ಚು ಅಗತ್ಯವುಳ್ಳ ಮೇಲಿನ ಓಣಿಗೆ’ ಮರುಹಂಚಲಾಗಿತ್ತು.

ಆ ಹೊತ್ತಿಗೆ ಸರಿಯಾಗಿ ನೀರಿನ ಕೊಳವೆ ತಿರುಗಿಸುವ ಕೀಲಿಕೋಲು ಹೊತ್ತು ಬಂದ ತಮ್ಮ ನೀರುಗಂಟಿ ಅಬು ಶಾಹೆರನನ್ನು ಇಬ್ಬರೂ ಸೇರಿ ಅಡ್ಡಗಟ್ಟಿದೆವು. “ನನ್ನ ಬೈಬೇಡಿ ಚಿಕ್ಕಮ್ಮ,” ಎಂದು ಅವನು ಕೈ ಮುಗಿಯುವುದೊಂದು ಬಾಕಿ. “ಹಂಚೋಕೆ ನೀರೆಲ್ಲಿದೆ? ದೊಡ್ಡ ಪಂಪು ಸುಟ್ಟು ಹದಿನೇಳು ದಿನ ಆಯ್ತು. ಯಾರಾದ್ರೂ ಕೇಳಿದ್ರೆ ಸುಟ್ಟಿದೆ ಅನ್ನಬೇಡ, ಮರುಹಂಚಿಕೆ ಅನ್ನು ಅಂತ ಕಚೇರೀಲಿ ಹೇಳ್ಕೊಟ್ಟಿದಾರೆ.” ಉಮ್ ರಾತಿಬ್ ಮೆಟ್ಟಿಲ ಮೇಲೆ ಕುಳಿತೇಬಿಟ್ಟಳು.

ಆಹಾ ಮಾನ್ಯರೇ! ಇದ್ದದ್ದನ್ನು ಹಂಚುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಇಲ್ಲದ ನೀರನ್ನು ಒಂದು ಹನಿಯೂ ಹೆಚ್ಚುಕಡಿಮೆಯಾಗದಂತೆ ಎರಡು ಪಾಲು ಮಾಡಿ, ಒಬ್ಬರ ಪಾಲನ್ನು ಇನ್ನೊಬ್ಬರ ಮನೆಯಲ್ಲಿ ಅಡಗಿಸಿಟ್ಟವರು ತಾವೊಬ್ಬರೇ. ಆದ್ದರಿಂದ ನಮ್ಮ ಚಿಕ್ಕದೊಂದು ಬಿನ್ನಹ: ದಯವಿಟ್ಟು ಎರಡು ಪೀಪಾಯಿ ‘ನ್ಯಾಯಸಮ್ಮತ’ವನ್ನು ಕಳಿಸಿಕೊಡಿ, ಉಣ್ಣೆಯನ್ನು ಅದರಲ್ಲಿ ಬಿಸಿಯಾಗಿ ನೆನೆಸಬೇಕೋ ತಣ್ಣಗೆ ನೆನೆಸಬೇಕೋ ಎಂಬುದನ್ನೂ ಮೊಹರಿನ ಸಮೇತ ತಿಳಿಸಿ.

ಪಂಪು ಸುಡುವುದು ತಪ್ಪಲ್ಲ. ಸುಟ್ಟಿದೆ ಎಂದು ಮೂರು ಅಕ್ಷರ ಬರೆದಿದ್ದರೆ ಎರಡು ಓಣಿಯವರೂ ಸೇರಿ ತಮ್ಮೊಬ್ಬರನ್ನೇ ಬೈದುಕೊಂಡು ಸುಖವಾಗಿರುತ್ತಿದ್ದೆವು. ನನ್ನ ಮಗಳನ್ನು ಬಾಳಿಸಬೇಕಾದ ಹೆಂಗಸನ್ನು ನಾನು ಹತ್ತು ಜನರ ಮುಂದೆ ಕಳ್ಳಿ ಎಂದೆ. ನಾಚಿಕೆಯಾಗುತ್ತಿದೆ ನನಗೆ. ಆ ಮಾತನ್ನು ಯಾವ ನೀರಿನಲ್ಲಿ ತೊಳೆಯಲಿ?

ಉಣ್ಣೆಯನ್ನಂತೂ ತೊಳೆದಾಯಿತು. ಎರಡೂ ಓಣಿಗಳ ಮನೆಮನೆಯವರು ಕುಡಿಯಲು ಇಟ್ಟುಕೊಂಡಿದ್ದರಲ್ಲೇ ಒಂದೊಂದು ಡಬ್ಬ ತಂದು ನಡುಮೆಟ್ಟಿಲಿನಲ್ಲಿ ಸುರಿದುಹೋದರು. ನೀರು ಏಳು ಸಲಕ್ಕೆ ಸಾಲದೆ ನಾಲ್ಕಕ್ಕೇ ಮುಗಿಯಿತು. ಹಾಸಿಗೆಯಲ್ಲಿ ಒಂಚೂರು ಕುರಿಯ ವಾಸನೆ ಉಳಿದಿದೆ, ಅಳಿಯ ಸಹಿಸಿಕೊಳ್ಳುತ್ತಾನಂತೆ. ಉಣ್ಣೆ ಬಡಿಯಲು ಉಮ್ ರಾತಿಬ್ ತಾನೇ ಕೋಲು ತಂದು, ನನಗಿಂತ ಜೋರಾಗಿ ಬಡಿದಳು. ಯಾರನ್ನು ನೆನೆದು ಬಡಿದಳೆಂದು ನಾನು ಕೇಳಲಿಲ್ಲ.

ಎರಡು ಒಣ ಟ್ಯಾಂಕುಗಳ ಯಜಮಾನಿಯೂ, ಮುಂದಿನ ಪದಕ್ಕಾಗಿ ನಡುಗುತ್ತಾ ಕಾದಿರುವವಳೂ ಆದ
ತಮ್ಮ ವಿಶ್ವಾಸಿ,
ಉಮ್ ಮುತಸಿಮ್

ತಾಜಾ ಕಲಂ: ಬರುವ ಗುರುವಾರದ ಮದುವೆಯೂಟಕ್ಕೆ ತಾವು ತಪ್ಪದೆ ಬರಬೇಕು. ಹೆಣ್ಣಿನ ಕಡೆಯ ಪಂಕ್ತಿಯಲ್ಲಿ ಕುಳಿತರೆ ತಮ್ಮ ಪಾಲಿನ ಮಾಂಸ ಗಂಡಿನ ಕಡೆಯವರಲ್ಲಿದೆ ಎನ್ನುತ್ತೇವೆ. ಅಲ್ಲಿಗೆ ಹೋದರೆ ನಮ್ಮಲ್ಲಿದೆ ಎನ್ನುತ್ತಾರೆ. ಹಸಿವು ತಡೆಯದಿದ್ದರೆ ಓದಿಕೊಳ್ಳಲಿ ಎಂದು ತಮಗಾಗಿ ಗೋಡೆಗೊಂದು ಪ್ರಕಟಣೆ ಅಂಟಿಸಿರುತ್ತೇವೆ.