ಹತ್ತು ಗಂಟೆಯ ಮೀಟಿಂಗು

ಮಚ್ಛೇಂದ್ರನ ಸಂಕಟಕ್ಕೆ ಕಾರಣವಾದದ್ದು ಬೆಳಿಗ್ಗೆ ಹೈದರಾಬಾದಿನಿಂದ ಬಂದ ಎರಡು ಸಾಲಿನ ಸಂದೇಶ. ‘ನಿಮ್ಮ ತಂಡದವರು ಒಬ್ಬರ ಜೊತೆ ಒಬ್ಬರು ಮಾತಾಡುವುದೇ ಇಲ್ಲ. ಇಂದಿನ ಮೀಟಿಂಗಿಗೆ ನಾನೂ ಬರುತ್ತೇನೆ’ ಎಂದು ಮೇಲಧಿಕಾರಿ ಮಹಮೂದಾ ಬೇಗಂ ಬರೆದಿದ್ದರು.

ಮಳೆ ಕೈಕೊಟ್ಟ ಎರಡನೆಯ ವರ್ಷ ಅದು. ಬರ ಬಿದ್ದ ಊರುಗಳಿಗೆ ಟ್ಯಾಂಕರಿನಲ್ಲಿ ನೀರು ಕಳಿಸುವ ಒಂದು ಸೇವಾಸಂಸ್ಥೆಯಲ್ಲಿ ಮಚ್ಛೇಂದ್ರ ತಂಡದ ಮುಖ್ಯಸ್ಥ. ಕಚೇರಿ ಎಂಬುದಿರಲಿಲ್ಲ. ಅವನು ಬೀದರಿನ ತನ್ನ ಮನೆಯಲ್ಲಿ, ಯುನುಸ ಭಾಲ್ಕಿಯಲ್ಲಿ, ಲಲಿತಾಬಾಯಿ ಔರಾದದಲ್ಲಿ ಕೂತು ಕೆಲಸ ಮಾಡುತ್ತಿದ್ದರು. ದಿನಾ ಹತ್ತಕ್ಕೆ ಕಂಪ್ಯೂಟರಿನಲ್ಲಿ ಮೀಟಿಂಗು. ಮಚ್ಛೇಂದ್ರ ಸಹಕಾರದ ಮಹತ್ವ ಕುರಿತು ಅರ್ಧ ತಾಸು ಭಾಷಣ ಮಾಡುತ್ತಿದ್ದ. ಉಳಿದಿಬ್ಬರೂ ಕ್ಯಾಮೆರಾ ಮುಚ್ಚಿಕೊಂಡಿದ್ದು ಕೊನೆಗೆ ‘ಹೂಂ ರಿ’ ಎನ್ನುತ್ತಿದ್ದರು.

ಅಂದು ಇಸ್ತ್ರಿ ಅಂಗಿ ತೊಟ್ಟು ಕೂತ. ಪರದೆಯ ಮೇಲೆ ಮಹಮೂದಾ ಬೇಗಂ ಮುಖ ಮೂಡಿತು. ಅಷ್ಟರಲ್ಲಿ ಓಣಿಯಲ್ಲಿ ನೀರಿನ ಟ್ಯಾಂಕರು ಹಾರ್ನ್ ಹೊಡೆಯಿತು. ದಿನಾ ನೀರು ತುಂಬುವ ಹೆಂಡತಿ ಕಮಠಾಣದ ತವರಿಗೆ ಹೋಗಿದ್ದಳು. ಮನೆಯಲ್ಲಿ ಒಂದು ತಂಬಿಗೆ ನೀರೂ ಇರಲಿಲ್ಲ.

“ಮೇಡಂ, ನೆಟ್‌ವರ್ಕ್ ತೊಂದ್ರಿ ಅದ್ರಿ, ಎರಡೇ ನಿಮಿಷ” ಎಂದವನೇ ನಾಲ್ಕು ಕೊಡ ಹಿಡಿದು ಓಡಿದ.

ಓಣಿಯ ಹೆಂಗಸರ ನಡುವೆ ಅವನ ಸ್ಥಿತಿ ಸಂತೆಯಲ್ಲಿ ಕೈಬಿಟ್ಟ ಕೂಸಿನಂತಾಯಿತು. ಅವನನ್ನು ಹಿಂದಕ್ಕೆ ತಳ್ಳಿ ಮೂವರು ತುಂಬಿಕೊಂಡರು. ಅವನ ಸರದಿ ಬಂದಾಗ ಪೈಪು ಕೈಜಾರಿ ನೀರೆಲ್ಲ ಅಂಗಿಗೆ ಬಿತ್ತು, ಕೊಡಕ್ಕೆ ಬಿದ್ದದ್ದು ಕಡಿಮೆ. ಎರಡು ಕೊಡ ಹೊತ್ತು, ತೊಯ್ದ ಕೋಳಿಯಂತೆ ಮನೆ ಬಾಗಿಲಿಗೆ ಬಂದರೆ ಒಳಗೆ ಮಾತು ಕೇಳಿಸಿತು.

ಪಕ್ಕದ ಮನೆಯ ಕಾಂತಾಬಾಯಿ ಅವನ ಕುರ್ಚಿಯಲ್ಲಿ ಕೂತಿದ್ದಳು. ತನ್ನ ನೀರು ಮೊದಲೇ ತುಂಬಿಕೊಂಡು, ತೆರೆದ ಬಾಗಿಲು ನೋಡಿ ಒಳಬಂದವಳು ಹೆಸರು ಹೇಳಿಕೊಂಡು ಮೀಟಿಂಗಿನವರ ಜೊತೆ ಮಾತಿಗಿಳಿದಿದ್ದಳು. ಪರದೆಯ ಮೇಲೆ ಯುನುಸ, ಲಲಿತಾಬಾಯಿ ಇಬ್ಬರ ಮುಖವೂ ಇತ್ತು. ಮಾರಿ ಕಾಣದವರ ಜೊತೆ ಮಾತಾಡುವುದಿಲ್ಲ ಎಂದು ಕಾಂತಾಬಾಯಿ ಅವರ ಕ್ಯಾಮೆರಾ ತೆಗೆಸಿದ್ದಳು.

“ನಮ್ಮ ಕಡಿ ಒಂದು ಊರಾಗ ಗಟ್ಟಿಮುಟ್ಟ ಇದ್ದವರೆಲ್ಲ ಪುಣೆಕ್ಕ ದುಡಿಲಿಕ್ಕ ಹೋಗ್ಯಾರ್ರಿ ಅಕ್ಕಾ,” ಎನ್ನುತ್ತಿದ್ದಳು ಲಲಿತಾಬಾಯಿ. “ಉಳಿದ ಮುದುಕರು ಕೊಡ ಹೊತ್ತು ಎರಡು ಮೈಲಿ ನಡೀತಾರ. ನಾಲ್ಕು ದಿನ ಆಯ್ತು, ಟ್ಯಾಂಕರ್ ಬೇಕಂತ ಬರದು ಕಳಸ್ಲಿಕತ್ತೇನಿ. ಯಾರೂ ಓದಂಗಿಲ್ಲ.”

“ಯುನುಸ, ನೀ ಯಾಕ ಸುಮ್ಮ ಕುಂತಿ?” ಎಂದಳು ಕಾಂತಾಬಾಯಿ.

“ನನ್ನ ಕಡಿ ಎರಡು ಟ್ಯಾಂಕರ್ ಮಧ್ಯಾಹ್ನದ ಮ್ಯಾಲ ಖಾಲಿ ನಿಂದರ್ತಾವ್ರಿ. ಆ ಊರು ನಮ್ಮ ಗಡಿಯಿಂದ ಹನ್ನೆರಡೇ ಕಿಲೋಮೀಟರ್.”

“ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?”

“ಸಾಹೇಬ್ರು ದಿನಾ ಸಹಕಾರದ ಬಗ್ಗೆ ಮಾತಾಡ್ತಿದ್ರು. ನಡುವ ಬಾಯಿ ಹಾಕೋದು ಬೇಅದಬಿ, ಮರ್ಯಾದಿ ಅಲ್ಲ ಅಂತ ಸುಮ್ಮನಿದ್ದೆ.”

ಮಹಮೂದಾ ಬೇಗಂ ಕೆಮ್ಮಿದರು. “ಯುನುಸ, ಇವತ್ತೇ ಟ್ಯಾಂಕರ್ ಕಳಸು. ಲಲಿತಾಬಾಯಿ, ಅದು ಊರು ಮುಟ್ಟಿದ ಕೂಡಲೆ ಫೋಟೋ ಹಾಕ್ರಿ.” ಆಮೇಲೆ ಬಾಗಿಲಲ್ಲಿ ನೀರು ಸುರಿಸುತ್ತ ನಿಂತ ಮಚ್ಛೇಂದ್ರನನ್ನು ಕಂಡರು. “ತಂಡ ಇಷ್ಟು ಚಲೋ ಮಾತಾಡಿದ್ದು ಇವತ್ತೇ ನೋಡಿದೆ, ಮಚ್ಛೇಂದ್ರ.”

ಅವನು ಕೊಡ ಇಳಿಸಿ ನಮ್ರವಾಗಿ ನಕ್ಕ. ಹೊಗಳಿಕೆ ತನಗೇ ಎಂದುಕೊಂಡಿದ್ದ.

“ಅದಕ್ಕ ಕಾಂತಾಬಾಯಿ, ನಾಳಿಂದ ಈ ಮೀಟಿಂಗ್ ನೀವೇ ನಡಸ್ರಿ.”

ಕಾಂತಾಬಾಯಿ ಯೋಚಿಸಿದಳು. “ನಡಸ್ತೇನ್ರಿ. ಆದ್ರ ನಮ್ಮ ಓಣಿಗಿ ನೀರು ಬರೋದೂ ಹತ್ತಕ್ಕೇ. ನನ್ನ ಕೊಡ ಯಾರು ತುಂಬ್ತಾರ?”

ಮಹಮೂದಾ ಬೇಗಂ ಮಚ್ಛೇಂದ್ರನ ತೊಯ್ದ ಅಂಗಿ ನೋಡಿದರು. ಯುನುಸನೂ ನೋಡಿದ, ಲಲಿತಾಬಾಯಿಯೂ ನೋಡಿದಳು.

ಸಂಜೆ ಫೋಟೋ ಬಂತು. ಟ್ಯಾಂಕರಿನ ಸುತ್ತ ಮುದುಕ ಮುದುಕಿಯರು. ಒಬ್ಬಜ್ಜಿ ಬೊಗಸೆ ತುಂಬ ನೀರು ಹಿಡಿದು ನಗುತ್ತಿದ್ದಳು. ಮಚ್ಛೇಂದ್ರ ಅದನ್ನು ಮೂರು ಸಲ ನೋಡಿದ. ಮನಸ್ಸು ಹಗುರವಾಯಿತು.

ಅಷ್ಟರಲ್ಲಿ ಕಾಂತಾಬಾಯಿ ಬಂದು ಅವನ ಅಂಗಳದಲ್ಲಿ ಎಂಟು ಕೊಡ ಸಾಲಾಗಿ ಇಟ್ಟಳು.

“ನಾಳಿ ಒಂಬತ್ತೂವರಿಗೇ ಕೊಡ ಪಾಳಿಗೆ ಹಚ್ರಿ,” ಎಂದಳು. “ಹತ್ತಕ್ಕ ಫೋನ್ ಮಾಡಬ್ಯಾಡ್ರಿ, ನಾ ಮೀಟಿಂಗಿನ್ಯಾಗ ಇರ್ತೇನಿ.”